ಪಿಡಿಎಫ್ ಮಾಡಿದಾಗ ಅಕ್ಷರ ಎಲ್ಲಿ ಹೋಯ್ತು? ಅಚ್ಚಿಗೆ ಕಳಿಸುವ ಮುನ್ನ ಹಿಡಿದು ಸರಿಪಡಿಸುವ ಬಗೆ

ಪುಸ್ತಕದ ಹಿಂಬದಿ ರಕ್ಷಾಪುಟ, ಕೆಳಗಿನ ಬಲ ಮೂಲೆ. ಅಲ್ಲಿ ‘ಬೆಲೆ: ₹1 0’ ಎಂದು ಅಚ್ಚಾಗಿತ್ತು. ಒಂದಕ್ಕೂ ಸೊನ್ನೆಗೂ ನಡುವೆ ಒಂದು ಅಂಕಿ ಹಿಡಿಸುವಷ್ಟು ಖಾಲಿ ಜಾಗ. 500 ಪ್ರತಿಯಲ್ಲೂ ಹಾಗೇ.

ನಾನು ಚಾಮರಾಜಪೇಟೆಯ ಮನೆಯಿಂದಲೇ ಕನ್ನಡ ಪುಸ್ತಕಗಳ ಪುಟ ಜೋಡಿಸುವ ಕೆಲಸ ಮಾಡುತ್ತೇನೆ. ಆ ಪುಸ್ತಕದ ಬೆಲೆ ಮೊದಲು 150 ಇತ್ತು. ಕೊನೆ ದಿನ ಪ್ರಕಾಶಕರು 180 ಮಾಡಿ ಎಂದು ನೇರ ಪ್ರೆಸ್ಸಿಗೇ ಫೋನ್ ಮಾಡಿದರು. ಅಲ್ಲಿಯ ಹುಡುಗ ನಾನು ಕಳಿಸಿದ ಪಿಡಿಎಫ್ ತೆರೆದು, 5 ಅಳಿಸಿ 8 ಒತ್ತಿದ. ಆ ರಕ್ಷಾಪುಟದಲ್ಲಿ 8 ಎಂಬ ಅಂಕಿ ಬೇರೆಲ್ಲೂ ಇರಲಿಲ್ಲ. ಹಾಗಾಗಿ ಪಿಡಿಎಫ್ ಒಳಗೆ ಕೂತಿದ್ದ ಫಾಂಟಿನಲ್ಲೂ 8 ಇರಲಿಲ್ಲ. ಆ ಹುಡುಗನದು ತಪ್ಪು ಎನ್ನಲಾರೆ. ಪಿಡಿಎಫ್ ಒಳಗೆ ಪೂರ್ತಿ ಫಾಂಟ್ ಇರುವುದಿಲ್ಲ, ಬಳಸಿದ ಅಕ್ಷರಗಳು ಮಾತ್ರ ಇರುತ್ತವೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೋದರೆ ಒಂದು ಅಕ್ಷರ ಹೋಯಿತು. ಕನ್ನಡದಲ್ಲಿ ಒಂದು ಒತ್ತು ಹೋದರೆ ಪದವೇ ಬೇರೆ ಆಗುತ್ತದೆ. ಮದುವೆ ಕಾರ್ಡಿನಲ್ಲಿ ಹುಡುಗಿಯ ಹೆಸರೇ ಕೆಟ್ಟರೆ ಆ ಮನೆಯವರಿಗೆ ಹೇಗಾಗಬೇಡ? ಅದಕ್ಕೇ ನಾನು ಪ್ರತಿ ಪುಸ್ತಕಕ್ಕೂ ಮಾಡುವ ಕೆಲಸವನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಹೋದ ಅಕ್ಷರದ ಜಾಗದಲ್ಲಿ ಏನು ಬಂದಿದೆ ನೋಡಿ

ತಕ್ಷಣ ಫಾಂಟ್ ಬದಲಿಸಲು ಹೋಗಬೇಡಿ. ಪಿಡಿಎಫ್ ಅನ್ನು ದೊಡ್ಡದು ಮಾಡಿ, ಕೆಟ್ಟ ಜಾಗವನ್ನೇ ನೋಡಿ. ಅಲ್ಲಿ ಏನು ಕಾಣುತ್ತದೆ ಎಂಬುದರ ಮೇಲೆ ರೋಗ ಎಲ್ಲಿದೆ ಎಂದು ಗೊತ್ತಾಗುತ್ತದೆ.

ಚೌಕ ಕಂಡರೆ ಆ ಫಾಂಟಿನಲ್ಲಿ ಆ ಅಕ್ಷರವೇ ಇಲ್ಲ. ಪ್ರತಿ ಫಾಂಟಿನ ಮೊದಲ ಮನೆಯಲ್ಲಿ ‘ಇಲ್ಲದ ಅಕ್ಷರಕ್ಕೆ ಇದನ್ನು ತೋರಿಸು’ ಎಂದು ಒಂದು ಆಕಾರ ಇಟ್ಟಿರುತ್ತಾರೆ. ಸಾಮಾನ್ಯವಾಗಿ ಅದೇ ಚೌಕ. ಇದನ್ನು ಟೋಫು ಎಂದೂ ಕರೆಯುತ್ತಾರೆ. ನೋಟೋ ಫಾಂಟ್‌ಗಳ ಹೆಸರು ಬಂದಿದ್ದೂ ಟೋಫು ಬೇಡ ಎಂಬುದರಿಂದಲೇ.

ಚುಕ್ಕಿ ಚುಕ್ಕಿಯ ವೃತ್ತ, ಅದರ ಪಕ್ಕ ದೀರ್ಘವೋ ಕೊಂಬೋ ಇದ್ದರೆ ಫಾಂಟ್ ಚೆನ್ನಾಗಿಯೇ ಇದೆ. ಬೆರಳಚ್ಚು ಕೆಟ್ಟಿದೆ. ಒಂದೇ ಅಕ್ಷರಕ್ಕೆ ಎರಡು ಸಲ ದೀರ್ಘ ಒತ್ತಿರಬಹುದು, ಇಲ್ಲವೇ ನಡುವೆ ಒಂದು ಖಾಲಿ ಜಾಗ ಸೇರಿರಬಹುದು. ಅಂಥ ಕಡೆ ಎಷ್ಟು ಫಾಂಟ್ ಬದಲಿಸಿದರೂ ವೃತ್ತ ಹೋಗುವುದಿಲ್ಲ. ಮೂಲ ಕಡತದಲ್ಲಿ ಆ ಅಕ್ಷರವನ್ನು ಪೂರ್ತಿ ಅಳಿಸಿ ಮತ್ತೆ ಬೆರಳಚ್ಚಿಸಿ.

ಪ್ರಶ್ನೆ ಗುರುತುಗಳ ಸಾಲು ಕಂಡರೆ ಬೇಜಾರಿನ ಸುದ್ದಿ. ಎಲ್ಲೋ ಒಂದು ಕಡೆ ಯೂನಿಕೋಡ್ (ಎಲ್ಲ ಭಾಷೆಯ ಪ್ರತಿ ಅಕ್ಷರಕ್ಕೂ ಬೇರೆ ಸಂಖ್ಯೆ ಕೊಡುವ ಪದ್ಧತಿ) ಅಲ್ಲದ ರೀತಿಯಲ್ಲಿ ಉಳಿಸುವಾಗ ಪಠ್ಯವೇ ಅಳಿದುಹೋಗಿದೆ. ಲೇಖಕರಿಂದ ಮೊದಲಿನ ಕಡತ ಮತ್ತೆ ತರಿಸಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ಒತ್ತಕ್ಷರ ಒಡೆದು, ‘ಕನ್ನಡ’ ಅನ್ನುವುದು ‘ಕನ್‌ನಡ’ ಎಂದು ಉದ್ದಕ್ಕೆ ನಿಂತಿದ್ದರೆ ಫಾಂಟಿನಲ್ಲಿ ಒತ್ತು ಇದೆ, ಆದರೆ ಸಾಫ್ಟ್‌ವೇರಿಗೆ ಅದನ್ನು ಜೋಡಿಸಲು ಬರುತ್ತಿಲ್ಲ. ಕನ್ನಡದಲ್ಲಿ ಒತ್ತು, ಅರ್ಕಾವತ್ತು, ಗುಡಿಸು ಎಲ್ಲ ಎಲ್ಲಿ ಕೂರಬೇಕು ಎಂಬ ಲೆಕ್ಕ ಓಪನ್‌ಟೈಪ್ ಫಾಂಟಿನ ಒಳಗೆ ಬರೆದಿರುತ್ತದೆ. ಆ ಲೆಕ್ಕ ಓದದ ಸಾಫ್ಟ್‌ವೇರ್ ಒಂದೊಂದೇ ಅಕ್ಷರವನ್ನು ಸಾಲಾಗಿ ಇಟ್ಟುಬಿಡುತ್ತದೆ.

ಇನ್ನು ಕನ್ನಡದ ಬದಲು ತಲೆ ಮೇಲೆ ಗೀಟು ಎಳೆದ ಇಂಗ್ಲಿಷ್ ಅಕ್ಷರಗಳು ಬಂದಿದ್ದರೆ ಅದು ‘ನುಡಿ’, ‘ಬರಹ’ ಅಥವಾ ‘ಶ್ರೀಲಿಪಿ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನ ಪಠ್ಯ. ಅದರ ಕಥೆ ದೊಡ್ಡದು, ಮುಂದೆ ಬರುತ್ತದೆ.

ಕಣ್ಣಿಗೆ ಕಾಣದ ಎರಡು ಅಕ್ಷರಗಳು

ನನ್ನ ಅನುಭವದಲ್ಲಿ ಚೌಕಗಳಲ್ಲಿ ಜಾಸ್ತಿ ಪಾಲು ಕನ್ನಡ ಅಕ್ಷರಗಳದ್ದಲ್ಲ. ಕಣ್ಣಿಗೆ ಕಾಣದ ಎರಡು ಗುರುತುಗಳದ್ದು. ಒಂದು, ಅಕ್ಷರಗಳನ್ನು ಸೇರದಂತೆ ತಡೆಯುವ ಗುರುತು. ಇನ್ನೊಂದು, ಸೇರಿಸುವ ಗುರುತು.

‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ನಡುವೆ ತಡೆಯುವ ಗುರುತು ಕೂತಿರುತ್ತದೆ. ಅದಿಲ್ಲದಿದ್ದರೆ ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಂಕ್’ ಎಂದು ಬರೆಯಲು ರ ಆದ ಮೇಲೆ ಸೇರಿಸುವ ಗುರುತು ಬೇಕು. ಅದಿಲ್ಲದಿದ್ದರೆ ‘ರ್ಯಾಂಕ್’ ಎಂದು ಅರ್ಕಾವತ್ತು ಬರುತ್ತದೆ. ಈ ಗುರುತುಗಳಿಗೆ ಫಾಂಟಿನಲ್ಲಿ ಜಾಗ ಇಟ್ಟಿರದಿದ್ದರೆ ಕೆಲವು ಸಾಫ್ಟ್‌ವೇರ್ ಆ ಜಾಗದಲ್ಲಿ ಚೌಕ ಹಾಕುತ್ತವೆ. ಪರದೆಯ ಮೇಲೆ ಸರಿಯಾಗಿಯೇ ಕಾಣುತ್ತಿರುತ್ತದೆ, ಪಿಡಿಎಫ್‌ನಲ್ಲಿ ಚೌಕ ಬಂದಿರುತ್ತದೆ.

ಇಲ್ಲೇ ತುಂಬಾ ಜನ ಎಡವುತ್ತಾರೆ. ಚೌಕ ಕಂಡಿತು ಎಂದು ಬ್ಯಾಕ್‌ಸ್ಪೇಸ್ ಒತ್ತಿ ಅಳಿಸುತ್ತಾರೆ. ಚೌಕ ಹೋಗುತ್ತದೆ, ಜೊತೆಗೆ ಹೆಸರೂ ಕೆಡುತ್ತದೆ. ಅಳಿಸಬೇಡಿ, ಫಾಂಟ್ ಬದಲಿಸಿ. ಈ ಗುರುತುಗಳು ಎಲ್ಲೆಲ್ಲಿ ಇವೆ ಎಂದು ನೋಡಬೇಕಾದರೆ ವರ್ಡ್‌ನ ಹುಡುಕುವ ಪೆಟ್ಟಿಗೆಯಲ್ಲಿ ಕ್ಯಾರೆಟ್ ಗುರುತು (^), ಇಂಗ್ಲಿಷಿನ ಚಿಕ್ಕ ಯು, ಆಮೇಲೆ 8204 ಎಂದು ಬರೆಯಿರಿ. ಅದು ತಡೆಯುವ ಗುರುತಿನ ಸಂಖ್ಯೆ. ಸೇರಿಸುವ ಗುರುತಿನದು 8205.

ರೂಪಾಯಿ ಗುರುತೂ ಇದೇ ಜಾತಿ. ₹ ಚಿಹ್ನೆಯನ್ನು ಸರ್ಕಾರ ಒಪ್ಪಿದ್ದು 2010ರ ಜುಲೈನಲ್ಲಿ, ಯೂನಿಕೋಡಿಗೆ ಸೇರಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ ಮಾಡಿ, ಆಮೇಲೆ ಮುಟ್ಟದೇ ಬಿಟ್ಟ ಫಾಂಟಿನಲ್ಲಿ ಅದು ಸಿಗುವುದಿಲ್ಲ. ಹಳೆಗನ್ನಡ ಪುಸ್ತಕ ಮಾಡುವವರು ೞ, ಱ, ಽ ಇವನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಯೂನಿಕೋಡ್ ಪಟ್ಟಿಯಲ್ಲಿ ೞ ಅಕ್ಷರಕ್ಕೆ ಇಂಗ್ಲಿಷಿನಲ್ಲಿ ‘ಫ’ ಎಂದು ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಹಾಗಿಲ್ಲ ಎಂಬ ನಿಯಮ ಇರುವುದರಿಂದ ಅದು ಹಾಗೇ ಉಳಿದಿದೆ. ಅಕ್ಷರಪಟ್ಟಿಯಲ್ಲಿ ಹೆಸರು ಹಿಡಿದು ಹುಡುಕುವವರು ಇದನ್ನು ನೆನಪಿಟ್ಟುಕೊಳ್ಳಿ.

ಎರಡನೇ ಹೆಜ್ಜೆ: ಪಿಡಿಎಫ್ ಒಳಗೆ ಯಾವ್ಯಾವ ಫಾಂಟ್ ಇದೆ ಓದಿ

ಅಕ್ರೋಬ್ಯಾಟ್ ರೀಡರ್‌ನಲ್ಲಿ ಪಿಡಿಎಫ್ ತೆರೆದು ಕಂಟ್ರೋಲ್ ಮತ್ತು ಡಿ ಒಟ್ಟಿಗೆ ಒತ್ತಿ. ಬರುವ ಕಿಟಕಿಯಲ್ಲಿ ಫಾಂಟ್ಸ್ ಎಂಬ ಭಾಗಕ್ಕೆ ಹೋಗಿ. ಪ್ರತಿ ಫಾಂಟಿನ ಹೆಸರಿನ ಪಕ್ಕ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ ಎಂದು ಇರಬೇಕು. ಎಂಬೆಡೆಡ್ ಎಂದರೆ ಫಾಂಟ್ ಪಿಡಿಎಫ್ ಒಳಗೆ ಸೇರಿದೆ ಎಂದು. ಸಬ್‌ಸೆಟ್ ಎಂದರೆ ಬಳಸಿದ ಅಕ್ಷರಗಳು ಮಾತ್ರ ಒಳಗಿವೆ ಎಂದು. ಅಚ್ಚಿಗೆ ಅಷ್ಟು ಸಾಕು, ಆದರೆ ತಿದ್ದಲು ಸಾಲದು.

ಏನೂ ಬರೆದಿಲ್ಲದೆ ಬರೀ ಹೆಸರು ಇದ್ದರೆ, ಕೆಳಗೆ ‘ಆ್ಯಕ್ಚುಯಲ್ ಫಾಂಟ್’ ಎಂದು ಬೇರೆ ಹೆಸರು ಇದ್ದರೆ, ಆ ಫಾಂಟ್ ಒಳಗೆ ಸೇರಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಅದು ಇರುವುದರಿಂದ ನಿಮಗೆ ಚೆನ್ನಾಗಿ ಕಾಣುತ್ತದೆ. ಪ್ರೆಸ್ಸಿನಲ್ಲಿ ಇಲ್ಲದಿದ್ದರೆ ಅಲ್ಲಿ ಬೇರೆ ಯಾವುದೋ ಬಂದು ಕೂರುತ್ತದೆ. ‘ನಮ್ಮ ಸಿಸ್ಟಂನಲ್ಲಿ ಸರಿಯಾಗೇ ಕಾಣ್ತಿದೆ ಮೇಡಂ’, ‘ನಮ್ಮಲ್ಲಿ ಕಾಣ್ತಿಲ್ಲ ಅಣ್ಣ’ ಎಂಬ ಮಾತುಕತೆ ಹುಟ್ಟುವುದೇ ಇಲ್ಲಿ. ಲಿನಕ್ಸ್ ಬಳಸುವವರಿಗೆ ಪಾಪ್ಲರ್ ಎಂಬ ಪಿಡಿಎಫ್ ಸಲಕರಣೆಯ ಜೊತೆ ಬರುವ ‘ಪಿಡಿಎಫ್‌ಫಾಂಟ್ಸ್’ ಎಂಬ ಆದೇಶ ಇದೇ ಪಟ್ಟಿಯನ್ನು ಸಾಲು ಸಾಲಾಗಿ ಕೊಡುತ್ತದೆ.

ನಾನು ಈ ಪಟ್ಟಿಯಲ್ಲಿ ಇನ್ನೊಂದು ವಿಷಯ ನೋಡುತ್ತೇನೆ. ನಾನು ಬಳಸಿದ್ದು ಎರಡೇ ಫಾಂಟ್, ಪಟ್ಟಿಯಲ್ಲಿ ಮೂರನೆಯದು ಯಾಕೆ ಬಂತು? ಕರೆಯದೆ ಬಂದ ಆ ಫಾಂಟ್ ಎಲ್ಲೋ ಒಂದು ಅಕ್ಷರವನ್ನು ತುಂಬಲು ಬಂದಿದೆ. ಕೆಲವು ಕನ್ನಡ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರ ಇರುವುದಿಲ್ಲ, ಕೆಲವಲ್ಲಿ ಬಾಗಿದ ಉದ್ಧರಣ ಚಿಹ್ನೆ ಇರುವುದಿಲ್ಲ. ಸಾಫ್ಟ್‌ವೇರ್ ಸದ್ದಿಲ್ಲದೆ ಬೇರೆ ಕಡೆಯಿಂದ ಸಾಲ ತರುತ್ತದೆ. ಆ ಫಾಂಟ್ ಎಲ್ಲಿ ಬಳಕೆಯಾಗಿದೆ ಎಂದು ಹುಡುಕಿದರೆ ತೊಂದರೆಯ ಜಾಗ ತಾನಾಗಿಯೇ ಸಿಗುತ್ತದೆ.

ಮೂರನೇ ಹೆಜ್ಜೆ: ಮೂಲ ಕಡತದಲ್ಲಿ ಸರಿಪಡಿಸಿ

ವರ್ಡ್ ಮತ್ತು ಲಿಬ್ರೆಆಫೀಸ್ ಎರಡರಲ್ಲೂ ಒಂದು ಗುಟ್ಟಿದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಫಾಂಟ್, ಕನ್ನಡದಂಥ ಲಿಪಿಗೆ ಇನ್ನೊಂದು ಫಾಂಟ್ ಎಂದು ಅವು ಎರಡು ಲೆಕ್ಕ ಇಡುತ್ತವೆ. ವರ್ಡ್‌ನಲ್ಲಿ ಇದಕ್ಕೆ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂದು ಹೆಸರು, ಲಿಬ್ರೆಆಫೀಸ್‌ನಲ್ಲಿ ‘ಸಿಟಿಎಲ್ ಫಾಂಟ್’. ಮೇಲಿನ ಪಟ್ಟಿಯಿಂದ ಬೇರೆ ಫಾಂಟ್ ಆರಿಸಿದರೂ ಕನ್ನಡಕ್ಕೆ ಹಳೆಯದೇ ಉಳಿದಿರಬಹುದು. ಪಠ್ಯವನ್ನೆಲ್ಲ ಆರಿಸಿ, ಫಾಂಟ್ ಕಿಟಕಿ ತೆರೆದು, ಈ ಎರಡನೇ ಪೆಟ್ಟಿಗೆಯಲ್ಲೂ ನಿಮ್ಮ ಕನ್ನಡ ಫಾಂಟನ್ನೇ ಹಾಕಿ.

ಹಳೇ ಕಡತಗಳಲ್ಲಿ ತುಂಗಾ ಫಾಂಟ್ ಸಿಗುತ್ತದೆ. ಅದು ವಿಂಡೋಸ್ ಎಕ್ಸ್‌ಪಿ ಕಾಲದ್ದು. ವಿಂಡೋಸ್ 10ರಲ್ಲಿ ಅದು ತಾನಾಗಿ ಇರುವುದಿಲ್ಲ, ಕನ್ನಡದ ಹೆಚ್ಚುವರಿ ಫಾಂಟ್‌ಗಳು ಎಂದು ಬೇರೆಯಾಗಿ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಅದರ ಜಾಗಕ್ಕೆ ನಿರ್ಮಲಾ ಬಂದು ಸಾಲುಗಳೆಲ್ಲ ಸರಿದುಹೋಗುತ್ತವೆ.

ವರ್ಡ್‌ನಿಂದ ಪಿಡಿಎಫ್ ಮಾಡುವಾಗ ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಆರಿಸಿ, ಆಪ್ಷನ್ಸ್ ಒತ್ತಿ. ಅಲ್ಲಿ ‘ಪಿಡಿಎಫ್/ಎ’ ಎಂಬುದಕ್ಕೆ ಗುರುತು ಹಾಕಿ. ಆ ಮಾದರಿಯಲ್ಲಿ ಫಾಂಟ್ ಒಳಗೆ ಇರಲೇಬೇಕು ಎಂಬ ನಿಯಮ ಇದೆ. ಪಕ್ಕದಲ್ಲೇ, ಫಾಂಟ್ ಸೇರಿಸಲು ಆಗದಿದ್ದರೆ ಅಕ್ಷರವನ್ನು ಚಿತ್ರ ಮಾಡು ಎಂಬ ಇನ್ನೊಂದು ಆಯ್ಕೆ ಇದೆ. ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಅದರ ಕೆಲಸ ಎಂದು ತಿಳಿಯಿರಿ. ಹಾಗಾಗುವುದು ಫಾಂಟ್ ಮಾಡಿದವರು ಅದನ್ನು ಬೇರೆ ಕಡತದೊಳಗೆ ಸೇರಿಸಲು ಅನುಮತಿ ಕೊಡದಿದ್ದಾಗ. ಆ ಅನುಮತಿ ಫಾಂಟ್ ಒಳಗೇ ಬರೆದಿರುತ್ತದೆ. ಅದನ್ನು ಮುರಿಯುವ ಯೋಚನೆ ಬೇಡ. ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಇವೆಲ್ಲ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಅವನ್ನು ಬಳಸಿ.

ಗೂಗಲ್ ಫಾಂಟ್ಸ್‌ನಿಂದ ಇಳಿಸಿಕೊಂಡಾಗ ಎರಡು ಬಗೆಯ ಕಡತ ಬರಬಹುದು. ಒಂದು, ದಪ್ಪ ತೆಳುವೆಲ್ಲ ಒಂದೇ ಕಡತದಲ್ಲಿರುವ ವೇರಿಯೆಬಲ್ ಫಾಂಟ್. ಇನ್ನೊಂದು, ‘ಸ್ಟ್ಯಾಟಿಕ್’ ಎಂಬ ಫೋಲ್ಡರಿನಲ್ಲಿ ಬಿಡಿಬಿಡಿಯಾಗಿ ಇರುವವು. ಅಚ್ಚಿನ ಕೆಲಸಕ್ಕೆ ಯಾವಾಗಲೂ ಸ್ಟ್ಯಾಟಿಕ್ ಹಾಕಿಕೊಳ್ಳಿ. ವರ್ಡ್‌ಗೆ, ಪುಟ ಜೋಡಿಸುವ ಸಾಫ್ಟ್‌ವೇರ್ ಆದ ಇನ್‌ಡಿಸೈನ್‌ನ ಹಳೆಯ ಆವೃತ್ತಿಗಳಿಗೆ ವೇರಿಯೆಬಲ್ ಫಾಂಟ್ ಸರಿಯಾಗಿ ಒಗ್ಗುವುದಿಲ್ಲ.

ಇನ್‌ಡಿಸೈನ್‌ನಲ್ಲಿ ಒತ್ತು ಒಡೆದರೆ ಪ್ಯಾರಾಗ್ರಾಫ್ ಫಲಕದ ಮೂಲೆಯ ಪಟ್ಟಿಯಿಂದ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿ. 2012ರಲ್ಲಿ ಬಂದ ಸಿಎಸ್6ರಿಂದ ಇದು ಕನ್ನಡಕ್ಕೆ ಸಿಗುತ್ತಿದೆ. ಪ್ಯಾರಾ ಪ್ಯಾರಾಗೆ ಮಾಡುತ್ತಾ ಕೂರಬೇಡಿ, ಪ್ಯಾರಾಗ್ರಾಫ್ ಸ್ಟೈಲ್‌ನಲ್ಲೇ ಹಾಕಿಡಿ. ಅಚ್ಚಿಗೆ ಮುಂಚೆ ತಪ್ಪು ಹುಡುಕಿಕೊಡುವ ಪ್ರೀಫ್ಲೈಟ್‌ನಲ್ಲಿ ‘ಗ್ಲಿಫ್ ಮಿಸ್ಸಿಂಗ್’ ಎಂಬ ಪರೀಕ್ಷೆಯನ್ನೂ ಚಾಲೂ ಮಾಡಿಕೊಳ್ಳಿ. ಇಲ್ಲದ ಅಕ್ಷರ ಬಂದ ಕೂಡಲೇ ಕೆಳಗೆ ಕೆಂಪು ಚುಕ್ಕಿ ಬರುತ್ತದೆ.

ಹಳೆಯ ನುಡಿ ಪಠ್ಯ ಕೈಗೆ ಬಂದರೆ

ಬೆಂಗಳೂರಿನ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಓಡುತ್ತಿದೆ. 2001ರಲ್ಲಿ ಬಂದ ಅದರ 7ನೇ ಆವೃತ್ತಿಯೇ ಕೊನೆಯದು, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಹಾಗಾಗಿ ಅಲ್ಲಿ ಹಳೆಯ ಆಸ್ಕಿ ಫಾಂಟ್‌ಗಳದ್ದೇ, ಅಂದರೆ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡ ಆಕಾರ ಇಟ್ಟ ಫಾಂಟ್‌ಗಳದ್ದೇ ಕಾರುಬಾರು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯಲ್ಲಿ ಬೆರಳಚ್ಚಾದ ಪುಸ್ತಕಗಳು ಎಷ್ಟಿವೆಯೋ ಲೆಕ್ಕವಿಲ್ಲ. ಆ ಕೆಲಸದ ಬಗ್ಗೆ ನನಗೆ ಗೌರವ ಇದೆ. ಕಂಪ್ಯೂಟರಿಗೆ ಕನ್ನಡವೇ ಬಾರದ ಕಾಲದಲ್ಲಿ ಪುಸ್ತಕ ಹೊರಬಂದಿದ್ದು ಇಂಥ ಫಾಂಟ್‌ಗಳಿಂದ.

ಅವು ಕೆಲಸ ಮಾಡುವ ಬಗೆ ಹೀಗೆ. ಕಂಪ್ಯೂಟರಿನ ಮಟ್ಟಿಗೆ ಅದು ಇಂಗ್ಲಿಷ್ ಪಠ್ಯ, ಮೇಲೆ ಕನ್ನಡದ ಬಟ್ಟೆ. ಆಸ್ಕಿ ನುಡಿಯಲ್ಲಿ ‘ಕ’ ಒಂದು ಅಕ್ಷರವಲ್ಲ, ಎರಡು ತುಂಡು: ಇಂಗ್ಲಿಷಿನ ದೊಡ್ಡ ಪಿ ಮನೆಯಲ್ಲಿ ತಲೆಕಟ್ಟಿಲ್ಲದ ಕ, ಅದರ ಮುಂದೆ ಗೀಟು ಎಳೆದ ಎ ಮನೆಯಲ್ಲಿ ತಲೆಕಟ್ಟು. ದೊಡ್ಡ ಎ ಮನೆಯಲ್ಲಿ ಅನುಸ್ವಾರದ ಸೊನ್ನೆ ಕೂತಿದೆ. ಫಾಂಟ್ ಒಳಗೆ ಸೇರದೆ ಹೋದರೆ ಬಟ್ಟೆ ಕಳಚಿ ಇಂಗ್ಲಿಷ್ ಕಾಣುತ್ತದೆ. ಪಠ್ಯ ಹಾಳಾಗಿರುವುದಿಲ್ಲ. ಅದೇ ಫಾಂಟ್ ಹಾಕಿ ಮತ್ತೆ ಪಿಡಿಎಫ್ ಮಾಡಿದರೆ ಸರಿಹೋಗುತ್ತದೆ.

ಆದರೆ ವರ್ಡ್ ಇದರಲ್ಲಿ ಕೈ ಹಾಕಿದರೆ ನಿಜವಾಗಿಯೂ ಹಾಳಾಗುತ್ತದೆ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಅಭ್ಯಾಸ ಅದಕ್ಕೆ ಇದೆಯಲ್ಲ? ಆಸ್ಕಿ ನುಡಿಯಲ್ಲಿ ಚಿಕ್ಕ ಜಿ ಎಂದರೆ ರ, ದೊಡ್ಡ ಜಿ ಎಂದರೆ ಉ. ‘ರಾಜ್ಯ’ ಎಂದು ವಾಕ್ಯ ಶುರುವಾದರೆ ವರ್ಡ್ ಅದನ್ನು ತಿದ್ದಿ ರ ಜಾಗದಲ್ಲಿ ಉ ತಂದು ಕೂರಿಸುತ್ತದೆ. ಅಂಥ ಕಡತ ತೆರೆಯುವ ಮುನ್ನ ಆಟೋಕರೆಕ್ಟ್‌ನ ಎಲ್ಲ ಗುರುತುಗಳನ್ನೂ ತೆಗೆಯಿರಿ. ಈಗಾಗಲೇ ಕೆಟ್ಟಿದ್ದರೆ ಕರಡು ಓದಿಯೇ ಹಿಡಿಯಬೇಕು.

ಆಸ್ಕಿಯಿಂದ ಯೂನಿಕೋಡಿಗೆ ಬದಲಿಸಿದಾಗ ಹುಡುಕಬೇಕಾದ ಮೊದಲ ತಪ್ಪು ‘ಕನಾರ್ಟಕ’. ನೀವೂ ಎಷ್ಟೋ ಕಡೆ ನೋಡಿರುತ್ತೀರಿ, ಅಲ್ವಾ? ಆಸ್ಕಿಯಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ಆಮೇಲೆ ಇಟ್ಟಿರುತ್ತಾರೆ. ಯೂನಿಕೋಡಿನಲ್ಲಿ ಉಚ್ಚಾರದ ಹಾಗೆ ರ್ ಮೊದಲು ಬರಬೇಕು. ಅದನ್ನು ಸರಿಸಲು ಬಾರದ ಪರಿವರ್ತಕ ‘ಮಾರ್ಗ’ವನ್ನು ‘ಮಾಗರ್’ ಮಾಡಿಡುತ್ತದೆ. ಪಠ್ಯದಲ್ಲಿ ‘ರ್’ ಬಂದ ಕಡೆಯೆಲ್ಲ ಒಂದೊಂದಾಗಿ ನೋಡಿ. ಬೇಸರದ ಕೆಲಸ ಹೌದು, ಆದರೆ 200 ಪುಟದ ಪುಸ್ತಕಕ್ಕೆ ನನಗೆ ಒಂದು ಮಧ್ಯಾಹ್ನ ಸಾಕಾಗುತ್ತದೆ.

ಒಂದೇ ಪುಸ್ತಕದಲ್ಲಿ ಅರ್ಧ ಆಸ್ಕಿ, ಅರ್ಧ ಯೂನಿಕೋಡ್ ಇಟ್ಟುಕೊಳ್ಳಬೇಡಿ. ಮುನ್ನುಡಿ ಬರೆದವರು ಮೊಬೈಲಿನಿಂದ ಯೂನಿಕೋಡಿನಲ್ಲಿ ಕಳಿಸಿರುತ್ತಾರೆ, ಒಳಪುಟಗಳು ಹಳೆಯ ನುಡಿಯಲ್ಲಿ ಇರುತ್ತವೆ. ಎಲ್ಲವನ್ನೂ ಒಂದು ಕಡೆಗೆ ತಂದು ಆಮೇಲೆ ಪುಟ ಜೋಡಿಸಿ.

ಇನ್ನೊಂದು ಮಾತು. ಎರಡನೇ ಮುದ್ರಣಕ್ಕೆ ಪಿಡಿಎಫ್‌ನಿಂದ ಕನ್ನಡ ಪಠ್ಯವನ್ನು ನಕಲು ತೆಗೆಯಬೇಡಿ. ಕಣ್ಣಿಗೆ ಸರಿಯಾಗಿ ಕಾಣುವ ಪಿಡಿಎಫ್‌ನಿಂದಲೂ ಒತ್ತು, ಗುಡಿಸುಗಳು ಹಿಂದೆ ಮುಂದೆ ಆಗಿ, ಕೆಲವು ಬಿಟ್ಟೇ ಹೋಗಿ ಬರುತ್ತವೆ. ಪಿಡಿಎಫ್ ಆಕಾರಗಳನ್ನು ಇಟ್ಟುಕೊಂಡಿರುತ್ತದೆ. ಆಕಾರದಿಂದ ಅಕ್ಷರಕ್ಕೆ ಹಿಂದಿರುಗುವ ದಾರಿ ಕನ್ನಡಕ್ಕೆ ಅಷ್ಟು ನಂಬಿಕಸ್ಥವಲ್ಲ.

ನಾಲ್ಕನೇ ಹೆಜ್ಜೆ: ಪರೀಕ್ಷೆಯ ಪುಟ

ಹೊಸ ಫಾಂಟ್ ಆರಿಸಿದ ದಿನವೇ ಈ ಸಾಲುಗಳನ್ನು ಒಂದು ಖಾಲಿ ಪುಟಕ್ಕೆ ಹಾಕಿ, ದಪ್ಪಕ್ಷರದಲ್ಲೂ ಒಮ್ಮೆ ಹಾಕಿ, ಪಿಡಿಎಫ್ ಮಾಡಿ ನೋಡಿ.

ರಾಜ್‌ಕುಮಾರ್ ರ‍್ಯಾಂಕ್ ಕರ್ನಾಟಕ ಪೌರ್ಣಮಿ ಸ್ತ್ರೀ ರಾಷ್ಟ್ರ ಮತ್ಸ್ಯ ಲಕ್ಷ್ಮೀ ಜ್ಞಾನ ಕೃಷ್ಣ ಕೌದಿ ಕೋಟೆ ದುಃಖ
ಕಾಫ಼ಿ ಜ಼ೂ ಪೞಗನ್ನಡ ಱ ಽ ೠ
‘ಒಂಟಿ’ “ಜೋಡಿ” – … ₹ 0123456789 ೦೧೨೩೪೫೬೭೮೯

‘ಸ್ತ್ರೀ’ ಎಂಬಲ್ಲಿ ಎರಡು ಒತ್ತುಗಳೂ ಇರಬೇಕು, ಕೆಳಗಿನ ಸಾಲಿಗೆ ತಗುಲಬಾರದು. ‘ಕಾಫ಼ಿ’ಯಲ್ಲಿ ಫ ಕೆಳಗಿನ ಚುಕ್ಕಿ ಎರಡೂ ಉಳಿದಿರಬೇಕು. ಪುಸ್ತಕದಲ್ಲಿ ಬರುವ ಜನರ ಹೆಸರು, ಊರ ಹೆಸರುಗಳನ್ನೂ ನಾನು ಈ ಪುಟಕ್ಕೆ ಸೇರಿಸುತ್ತೇನೆ. ಓದುಗರು ಬೇರೆ ತಪ್ಪನ್ನು ಕ್ಷಮಿಸಬಹುದು, ಹೆಸರಿನ ತಪ್ಪನ್ನು ಕ್ಷಮಿಸುವುದಿಲ್ಲ. ಅದು ಸರಿಯೂ ಹೌದು.

ಐದನೇ ಹೆಜ್ಜೆ: ಪ್ರೆಸ್ಸಿಗೆ ಕಳಿಸುವಾಗ

ಇನ್‌ಡಿಸೈನ್‌ನಿಂದ ಕಳಿಸುವುದಾದರೆ ಪಿಡಿಎಫ್/ಎಕ್ಸ್-1ಎ ಅಥವಾ ಪಿಡಿಎಫ್/ಎಕ್ಸ್-4 ಎಂಬ ಅಚ್ಚಿನ ಮಾದರಿ ಆರಿಸಿ. ಎರಡರಲ್ಲೂ ಫಾಂಟ್‌ಗಳು ಒಳಗೆ ಇರಲೇಬೇಕು. ರಕ್ಷಾಪುಟ, ಆಮಂತ್ರಣ, ಕರಪತ್ರದಂಥ ಒಂದೆರಡು ಪುಟದ ಕೆಲಸಕ್ಕೆ ಅಕ್ಷರಗಳನ್ನೇ ಗೆರೆಗಳಾಗಿ ಬದಲಿಸಿ ಕಳಿಸಬಹುದು. ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯೂ, ಇಲಸ್ಟ್ರೇಟರ್‌ನಲ್ಲಿ ಕಂಟ್ರೋಲ್ ಶಿಫ್ಟ್ ಓ. ಆಮೇಲೆ ಫಾಂಟಿನ ಹಂಗೇ ಇರುವುದಿಲ್ಲ. ಆದರೆ ತಿದ್ದಲು ಬರುವುದಿಲ್ಲ, ಹಾಗಾಗಿ ಮೊದಲು ಬೇರೆ ಹೆಸರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. 200 ಪುಟದ ಪುಸ್ತಕಕ್ಕೆ ಇದನ್ನು ಮಾಡಬೇಡಿ. ಕಡತ ಭಾರವಾಗುತ್ತದೆ, ಸಣ್ಣ ಅಕ್ಷರ ಸ್ವಲ್ಪ ದಪ್ಪ ಕಾಣುತ್ತದೆ.

ಪ್ರೆಸ್ಸಿನವರು ಪಿಡಿಎಫ್ ಅನ್ನು ಕೋರೆಲ್‌ಡ್ರಾದಲ್ಲಿ ತೆರೆಯಬೇಕಾದರೆ, ಅದು ಪಠ್ಯವನ್ನು ಹೇಗೆ ತರಲಿ ಎಂದು ಕೇಳುತ್ತದೆ. ‘ಟೆಕ್ಸ್ಟ್’ ಬೇಡ, ‘ಕರ್ವ್ಸ್’ ಆರಿಸಲು ಹೇಳಿ. ಪಿಡಿಎಫ್‌ನಲ್ಲಿ ಎಲ್ಲ ಸರಿಯಿದ್ದು ಕಾಗದದ ಮೇಲೆ ಮಾತ್ರ ಅಕ್ಷರ ಬಿಟ್ಟುಹೋಗುತ್ತಿದ್ದರೆ ಅದು ಪ್ರಿಂಟರಿನ ತೊಂದರೆ. ಅಕ್ರೋಬ್ಯಾಟ್‌ನ ಪ್ರಿಂಟ್ ಕಿಟಕಿಯಲ್ಲಿ ಅಡ್ವಾನ್ಸ್‌ಡ್ ಒತ್ತಿ, ‘ಪ್ರಿಂಟ್ ಆ್ಯಸ್ ಇಮೇಜ್’ಗೆ ಗುರುತು ಹಾಕಿ. ಮನೆಯ ಪ್ರಿಂಟಿಗೆ, ಕರಡಿಗೆ ಇದು ಸಾಕು. ಅಚ್ಚಿನ ಪ್ಲೇಟಿಗೆ ಹೋಗುವ ಕಡತಕ್ಕೆ ಬೇಡ.

ಆ ಬೆಲೆಯ ಕಥೆ ಆದ ಮೇಲೆ ನಾನು ಪ್ರೆಸ್ಸಿಗೆ ಕಳಿಸುವ ಪ್ರತಿ ಕಡತದ ಜೊತೆ ಎರಡು ಸಾಲು ಬರೆಯುತ್ತೇನೆ: ‘ಅಣ್ಣಾ, ಒಂದು ಚುಕ್ಕಿ ಬದಲಿಸಬೇಕಾದರೂ ನನಗೆ ಫೋನ್ ಮಾಡಿ, ಹತ್ತು ನಿಮಿಷದಲ್ಲಿ ಹೊಸ ಪಿಡಿಎಫ್ ಕಳಿಸುತ್ತೇನೆ. ಪ್ಲೇಟ್ ಮಾಡುವ ಮುಂಚೆ ಕಾಗದದ ಮೇಲೆ ಒಂದು ಕರಡು ಬೇಕು.’ ಪ್ರಕಾಶಕರಿಗೂ ಇದೇ ಮಾತು ಹೇಳಿಡುತ್ತೇನೆ. ಆ ಕರಡು ಬಂದಾಗ ಕಿಟಕಿ ಹತ್ತಿರ ಕೂತು, ರಕ್ಷಾಪುಟದ ಅಂಕಿಗಳಿಂದ ಶುರುಮಾಡಿ, ಹೆಸರುಗಳನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದುತ್ತೇನೆ. ಸಹಿ ಹಾಕಿ ವಾಪಸ್ ಕೊಡುವುದು ಆಮೇಲೆಯೇ.